ಪೆರಾಕ್ಸೈಡ್ ಅಳೆಯುವ ಕಿಣ್ವ ಸಂವೇದಕ: ಒಂದು ಹನಿ ಒಣಗಿಸುವ ಕಷ್ಟ

ಜೀವಕೋಶಗಳು ಹೊರಬಿಡುವ ಹೈಡ್ರೋಜನ್ ಪೆರಾಕ್ಸೈಡನ್ನು ಅಳೆಯಹೊರಟವರು ಎಡವುವುದು ಯಂತ್ರದ ಮುಂದಲ್ಲ, 5 ಮೈಕ್ರೊಲೀಟರ್‌ನ ಒಂದು ಕಿಣ್ವದ ಹನಿಯನ್ನು ವಿದ್ಯುದ್ವಾರದ ಮೇಲೆ ಒಣಗಿಸುವಾಗ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲು 3 ಮಿ.ಮೀ. ವ್ಯಾಸದ ಗ್ಲಾಸಿ ಕಾರ್ಬನ್ ವಿದ್ಯುದ್ವಾರವನ್ನು 1, 0.3, 0.05 ಮೈಕ್ರಾನ್ ಅಲ್ಯುಮಿನಾ ಪುಡಿಯಲ್ಲಿ ಇದೇ ಕ್ರಮದಲ್ಲಿ ಉಜ್ಜಿ ತೊಳೆಯಿರಿ.

ಎರಡನೆಯದು ಕಿಣ್ವವನ್ನು ಕೂರಿಸುವ ಹಂತ. ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸ್ (ಪೆರಾಕ್ಸೈಡ್ ಜೊತೆ ವರ್ತಿಸುವ ಕಿಣ್ವ), ಆಲ್ಬುಮಿನ್ ಎಂಬ ಪ್ರೋಟೀನ್ ಮತ್ತು ಕಿಣ್ವಕ್ಕೂ ವಿದ್ಯುದ್ವಾರಕ್ಕೂ ನಡುವೆ ಎಲೆಕ್ಟ್ರಾನ್ ಸಾಗಿಸುವ ಮಧ್ಯವರ್ತಿ ಬಣ್ಣವಾದ ಥಯೋನಿನ್ ಇವನ್ನು ಬೆರೆಸಿ, ಕೊನೆಯಲ್ಲಿ ಇವನ್ನೆಲ್ಲ ಹೆಣೆದು ಹಿಡಿಯುವ ಗ್ಲುಟರಾಲ್ಡಿಹೈಡ್ ಸೇರಿಸಬೇಕು. ಪದರ ಗಟ್ಟಿಯಾಗಲೆಂದು ಇದನ್ನು ಧಾರಾಳವಾಗಿ ಸುರಿಯುವವರಿದ್ದಾರೆ; ಪದರವೇನೋ ಗಟ್ಟಿಯಾಗುತ್ತದೆ, ಒಳಗಿನ ಕಿಣ್ವ ಸತ್ತಿರುತ್ತದೆ. ನಾನು ಅಂತಿಮ ಪ್ರಮಾಣ ಶೇ. 0.25 ದಾಟಲು ಬಿಡುವುದಿಲ್ಲ. ಈ ಮಿಶ್ರಣದ ಹನಿಯನ್ನು ವಿದ್ಯುದ್ವಾರದ ಮೇಲಿಟ್ಟ ಬಳಿಕ ಫ್ಯಾನಿನಡಿ ಇಡಬೇಡಿ, ಹೇರ್ ಡ್ರೈಯರಂತೂ ಬೇಡವೇ ಬೇಡ: ಬೇಗ ಒಣಗಿದರೆ ಮೇಜಿನ ಮೇಲೆ ಕಾಫಿ ಲೋಟ ಬಿಟ್ಟ ಕಲೆಯಂತೆ ಕಿಣ್ವವೆಲ್ಲ ಅಂಚಿಗೆ ಸರಿದು ನೇರಳೆ ಬಳೆಯಾಗುತ್ತದೆ, ನಡುಭಾಗ ಬರಿದಾಗುತ್ತದೆ. ಒದ್ದೆ ಟಿಶ್ಯೂ ಇಟ್ಟ ಮುಚ್ಚಿದ ಪೆಟ್ರಿ ತಟ್ಟೆಯಲ್ಲಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಡಿ. ಆಲ್ಬುಮಿನ್ ಸೀಸೆಯ ಚೀಟಿಯನ್ನೂ ಓದಿಕೊಳ್ಳಿ. ಕೆಡದಿರಲೆಂದು ಸೋಡಿಯಂ ಅಜೈಡ್ ಬೆರೆಸಿದ್ದರೆ ಅದೇ ಈ ಕಿಣ್ವಕ್ಕೆ ಕುತ್ತು.

ಎಷ್ಟು ಪೆರಾಕ್ಸೈಡಿಗೆ ಎಷ್ಟು ಪ್ರವಾಹ ಎಂಬ ಅಳತೆಗೋಲು ಸಿದ್ಧಪಡಿಸಲು ಔಷಧಿ ಅಂಗಡಿಯ ಶೇ. 3ರ ಪೆರಾಕ್ಸೈಡ್ ತರಬೇಡಿ, ಅದರಲ್ಲಿ ಸ್ಥಿರಕಾರಿಗಳು ಬೆರೆತಿರುತ್ತವೆ. ಪ್ರಯೋಗಾಲಯದ ಶೇ. 30ರ ದ್ರಾವಣವನ್ನೂ ಚೀಟಿ ನಂಬಿ ಬಳಸದೆ, ತೆಳುಗೊಳಿಸಿ, 240 ನ್ಯಾನೊಮೀಟರ್ ಬೆಳಕಿನಲ್ಲಿ ಅದರ ಸಾಂದ್ರತೆಯನ್ನು ಅಂದೇ ಅಳೆಯಿರಿ.

ವಿಭವವನ್ನು ಬೆಳ್ಳಿ–ಸಿಲ್ವರ್ ಕ್ಲೋರೈಡ್ ವಿದ್ಯುದ್ವಾರಕ್ಕೆ ಹೋಲಿಸಿ −0.2 ವೋಲ್ಟ್ ಸುತ್ತ ಇರಿಸಿ. ಇನ್ನೂ ಕೆಳಗಿಳಿಸುತ್ತ ಹೋದರೆ ಕರಗಿದ ಆಮ್ಲಜನಕವೂ ಅಪಕರ್ಷಣಗೊಂಡು (ಎಲೆಕ್ಟ್ರಾನ್ ಪಡೆದು) ಸುಳ್ಳು ಪ್ರವಾಹ ಕೊಡುತ್ತದೆ.

ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳನ್ನು ಬೆಳೆಸಿದ ಮಾಧ್ಯಮದಲ್ಲೇ ಅಳೆಯುವುದು ಸೋಮಾರಿಗಳ ಅಡ್ಡದಾರಿ. ಅದರಲ್ಲಿ ಪೈರುವೇಟ್ ಇದ್ದರೆ ಪೆರಾಕ್ಸೈಡನ್ನು ವಿದ್ಯುದ್ವಾರ ತಲುಪುವ ಮೊದಲೇ ನುಂಗಿಬಿಡುತ್ತದೆ. ಕೋಶಗಳನ್ನು ತೊಳೆದು, ಗ್ಲುಕೋಸ್ ಬೆರೆಸಿದ 7.4 ಪಿಎಚ್‌ನ ಫಾಸ್ಫೇಟ್ ಬಫರ್‌ಗೆ ವರ್ಗಾಯಿಸಿ. ಕೋಶಗಳನ್ನು ಕೆರಳಿಸುವ ಪಿಎಂಎ ಹಾಕುವ ಮುನ್ನ, ಅದನ್ನು ಕರಗಿಸಿದ ಡಿಎಂಎಸ್‌ಒ ಮಾತ್ರ ಹಾಕಿ ಪ್ರವಾಹದ ರೇಖೆ ಅಲುಗಾಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪಿಎಂಎ ಹಾಕಿದ ಬಳಿಕ ಕೋಶಗಳು ಮೊದಲು ಸೂಪರ್‌ಆಕ್ಸೈಡ್ ಬಿಡುತ್ತವೆ. ಅದೇ ಪೆರಾಕ್ಸೈಡ್ ಆಗಿ ಮಾರ್ಪಟ್ಟಂತೆ ಪ್ರವಾಹ ಏರುತ್ತದೆ. ಆಗ ಪೆರಾಕ್ಸೈಡನ್ನು ಒಡೆಯುವ ಕಿಣ್ವವಾದ ಕೆಟಲೇಸ್ ಸೇರಿಸಿ. ಏರಿದ ಪ್ರವಾಹ ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ನೀವು ಅಳೆದದ್ದು ಪೆರಾಕ್ಸೈಡ್ ಅಲ್ಲ. ಆ ದಿನದ ಅಂಕಿಗಳನ್ನು ಬದಿಗಿಟ್ಟು ಪುನಃ ಅಲ್ಯುಮಿನಾ ಕೈಗೆತ್ತಿಕೊಳ್ಳಿ.