ಹೋದ ಹಲ್ಲಿನ ಜಾಗಕ್ಕೆ ಏನು ಕಟ್ಟಿಸಬೇಕು?

ಹಲ್ಲು ಕೀಳಿಸಿದ ಮೇಲೆ ನೋವು ಹೋಗುತ್ತದೆ, ಅದರ ಜತೆಗೆ ಡಾಕ್ಟರ ನೆನಪೂ ಹೋಗುತ್ತದೆ. "ಮೇ ರಜೆಗೆ ಊರಿಗೆ ಹೋದಾಗ ಕಟ್ಟಿಸಿದರಾಯಿತು" ಎನ್ನುವವರು ಮುಂಬೈ ಕಡೆಯ ನಮ್ಮ ಕನ್ನಡಿಗರಲ್ಲಿ, ಮಾಟುಂಗದಿಂದ ಡೊಂಬಿವಲಿವರೆಗೆ, ಬಹಳ ಮಂದಿ. ಆದರೆ ಬಾಯಿ ಅಲ್ಲಿವರೆಗೆ ಕಾಯುವುದಿಲ್ಲ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ. ಮೇಲಿನ ಹಲ್ಲು ಕೆಳಗಿಳಿಯುತ್ತದೆ. ದವಡೆ ಮೂಳೆಯೂ ಸವೆಯುತ್ತದೆ, ಅದೂ ಮೊದಲ ವರ್ಷದಲ್ಲೇ ಜಾಸ್ತಿ.

ಮೊದಲು ಕೇಳಬೇಕಾದ್ದು: ಈ ಹಲ್ಲು ಕಟ್ಟಿಸಲೇಬೇಕಾ? ಬುದ್ಧಿ ಹಲ್ಲು ಹೋದರೆ ಬೇಕಿಲ್ಲ. ಅದರ ಮುಂದಿನ ದವಡೆ ಹಲ್ಲು ಹೋದರೂ, ಉಳಿದವು ಚೆನ್ನಾಗಿ ಅಗಿಯುತ್ತಿದ್ದರೆ ಎಷ್ಟೋ ಸಲ ಹಾಗೇ ಬಿಡಬಹುದು.

ಕಟ್ಟಿಸಬೇಕು ಎಂದಾದರೆ ಮುಂದಿನದು ತಪಾಸಣೆ. ಒಸಡಿನ ಕಾಯಿಲೆಯಿದ್ದರೆ ಮೊದಲು ಅದು ವಾಸಿಯಾಗಬೇಕು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಔಷಧ, ಎಲ್ಲವನ್ನೂ ಡಾಕ್ಟರಿಗೆ ಹೇಳಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸವನ್ನೂ ಮುಚ್ಚಿಡಬೇಡಿ.

ಈಗ ಮುಖ್ಯ ವಿಷಯ. ಹೆಚ್ಚಿನವರು ಮೊದಲು ರೇಟು ಕೇಳುತ್ತಾರೆ. ನಾನು ಹೇಳುವುದು, ಮೊದಲು ಅಕ್ಕಪಕ್ಕದ ಹಲ್ಲು ಹೇಗಿವೆ ಎಂದು ಕೇಳಿ. ಬ್ರಿಡ್ಜ್ ಹಾಕಬೇಕಾದರೆ ಆ ಎರಡೂ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ, ಮೇಲೆ ಕ್ಯಾಪ್ ಕೂರಿಸುತ್ತಾರೆ. ನಡುವಿನ ಹುಸಿ ಹಲ್ಲು ಅವುಗಳ ಆಸರೆಯಲ್ಲಿ ನಿಲ್ಲುತ್ತದೆ. ಆ ಹಲ್ಲುಗಳಿಗೆ ಮೊದಲೇ ದೊಡ್ಡ ಫಿಲ್ಲಿಂಗ್ ಅಥವಾ ಕ್ಯಾಪ್ ಇದ್ದರೆ ಬ್ರಿಡ್ಜ್ ಒಳ್ಳೆಯದೇ. ಕೆಲವು ವಾರಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಎರಡೂ ಗಟ್ಟಿಮುಟ್ಟಾಗಿದ್ದರೆ ಸುಮ್ನೆ ಯಾಕೆ ಉಜ್ಜಿಸಬೇಕು? ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಅಲ್ವಾ?

ಅಂಥವರಿಗೆ ಇಂಪ್ಲಾಂಟ್ ಇದೆ. ದವಡೆ ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ ಕೂರಿಸುತ್ತಾರೆ. ಮೂಳೆ ಅದನ್ನು ಕಚ್ಚಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಕ್ಯಾಪ್ ಬರುವುದು ಆಮೇಲೆ. ಮೂಳೆ ಸವೆದಿದ್ದರೆ ಮೊದಲು ಮೂಳೆ ತುಂಬಿಸಬೇಕಾಗಬಹುದು, ಆಗ ಇನ್ನೂ ತಡ. ಆದ್ದರಿಂದ 15 ದಿನದ ರಜೆಯಲ್ಲಿ ಊರಲ್ಲಿ ಸ್ಕ್ರೂ ಹಾಕಿಸಿಕೊಂಡು ರೈಲು ಹತ್ತುವ ಯೋಚನೆ ನನಗೆ ಸರಿ ಕಾಣುವುದಿಲ್ಲ. ಊತ, ಸೋಂಕು ಬಂದರೆ ಹಾಕಿದ ಡಾಕ್ಟರು ಹತ್ತಿರ ಇರಬೇಕು. ಎಲ್ಲಿ ವಾಸವೋ ಅಲ್ಲೇ ಮಾಡಿಸಿ. ಇಂಪ್ಲಾಂಟಿನ ಕಂಪನಿ, ಅಳತೆ ಬರೆದ ಚೀಟಿ ಕೇಳಿ ಪಡೆದು ಜೋಪಾನ ಮಾಡಿ. ಮುಂದೆ ಕ್ಯಾಪ್ ಸಡಿಲವಾದರೆ ಬೇರೆ ಡಾಕ್ಟರಿಗೂ ಆ ಚೀಟಿಯೇ ದಾರಿ ತೋರಿಸುತ್ತದೆ.

ತುಂಬ ಹಲ್ಲು ಹೋಗಿದ್ದರೆ, ಅಥವಾ ಕೈಯಲ್ಲಿ ಹಣ ಕಮ್ಮಿಯಿದ್ದರೆ, ತೆಗೆದು ಹಾಕುವ ಹಲ್ಲಿನ ಸೆಟ್ಟು ಇದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮೆತ್ತಗಿನ ಊಟದಿಂದ ಶುರು ಮಾಡಿ, ಚಕ್ಕುಲಿ ಆಮೇಲೆ. ಪೂರ್ತಿ ಸೆಟ್ಟಿನಲ್ಲಿ ಮೇಲಿನದು ಅಂಗುಳಕ್ಕೆ ಅಂಟಿ ನಿಲ್ಲುತ್ತದೆ, ಕೆಳಗಿನದು ಜಾರುತ್ತದೆ. ಕೆಳದವಡೆಯಲ್ಲಿ ಎರಡೇ ಇಂಪ್ಲಾಂಟ್ ಹಾಕಿ ಸೆಟ್ಟನ್ನು ಅದಕ್ಕೆ ಸಿಕ್ಕಿಸಿದರೆ ಅಗಿಯುವುದು ಎಷ್ಟೋ ಸಲೀಸು. ಮನೆಯ ಹಿರಿಯರಿಗಾಗಿ ಇದನ್ನು ತಪ್ಪದೆ ವಿಚಾರಿಸಿ.

ಖರ್ಚಿನ ಚಿಂತೆಯಿದ್ದರೆ ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ದಂತ ಆಸ್ಪತ್ರೆ ಇದೆ. ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಕಲಿಯುವವರು ಪ್ರಾಧ್ಯಾಪಕರ ಕಣ್ಣಮುಂದೆ ಕೆಲಸ ಮಾಡುತ್ತಾರೆ. ಸರದಿ ಕಾಯಬೇಕು, ಹಲವು ಸಲ ಹೋಗಬೇಕು. ಖಾಸಗಿ ಕ್ಲಿನಿಕ್ ಆದರೆ ಸ್ಕ್ಯಾನ್, ಸ್ಕ್ರೂ, ಕ್ಯಾಪ್ ಎಲ್ಲ ಸೇರಿದ ಲೆಕ್ಕವನ್ನು ಮೊದಲೇ ಬರೆಸಿಕೊಳ್ಳಿ.

ಹಾಕಿಸಿಕೊಂಡ ಮೇಲೆ ಬ್ರಿಡ್ಜ್ ಅಡಿಯಲ್ಲಿ, ಇಂಪ್ಲಾಂಟ್ ಸುತ್ತ ಸಣ್ಣ ಬ್ರಷ್‌ನಿಂದ ದಿನಾ ಶುಚಿ ಮಾಡಿ. ಸೆಟ್ಟನ್ನು ರಾತ್ರಿ ತೆಗೆದು, ತೊಳೆದು, ತಣ್ಣೀರಿನಲ್ಲಿಡಿ. ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಒಸಡಿಗೆ ಒತ್ತಿ ಹುಣ್ಣಾದರೆ ಮನೆಯಲ್ಲೇ ಕೆರೆಯಲು ಹೋಗಬೇಡಿ. ಡಾಕ್ಟರ ಹತ್ತಿರ ಹೋದರೆ ಒತ್ತುವ ಜಾಗ ನೋಡಿ ಸರಿ ಮಾಡಿ ಕೊಡುತ್ತಾರೆ.