ಸಂಗೀತವನ್ನೇ ಡಿಗ್ರಿಗೆ ಓದುವುದು: ನಾನು ತೀರ್ಮಾನಿಸಿದ ಬಗೆ, ಪೈಪೋಟಿಯ ನಡುವೆ ಕಲಿತ ಬಗೆ

ಕಾಲೇಜಿನಲ್ಲಿ ಸಂಗೀತ ಓದಬೇಕೋ ಬೇಡವೋ ಎಂದು ತೂಗುವಾಗ "ನನಗೆ ಅಷ್ಟು ಪ್ರತಿಭೆ ಇದೆಯೇ?" ಎಂಬ ಪ್ರಶ್ನೆಯನ್ನು ನಾನು ಮೊದಲೇ ಬದಿಗಿಟ್ಟೆ. ಅದಕ್ಕೆ ನಂಬುವಂಥ ಉತ್ತರ ಕೊಡುವವರು ಯಾರೂ ಇಲ್ಲ. ಮನೆಯವರು ಹೌದು ಅನ್ನುತ್ತಾರೆ, ಜೊತೆಗೆ ಸ್ಪರ್ಧಿಸುವವರು ಮುಖ ತಿರುಗಿಸುತ್ತಾರೆ. ಅದರ ಬದಲು ಎರಡು ಪ್ರಶ್ನೆ ಕೇಳಿಕೊಂಡೆ. ಸಂಗೀತ ಕಾಲೇಜಿನ ಒಂದು ಮಾಮೂಲಿ ವಾರ ನನಗೆ ಹಿಡಿಸುತ್ತದೆಯೇ? ಪಕ್ಕದ ಕೋಣೆಯಲ್ಲಿ ನನಗಿಂತ ಚೆನ್ನಾಗಿ ನುಡಿಸುವವರು ಕೂತಿರುವಾಗಲೂ ಹಿಡಿಸುತ್ತದೆಯೇ? ಎರಡನೆಯದನ್ನು ಕೇಳಿಕೊಳ್ಳದೆ ಸೇರಿದವರು ಮೊದಲ ವರ್ಷದಲ್ಲೇ ಕುಗ್ಗಿಹೋಗುವುದು ಹೆಚ್ಚು. ಅದುವರೆಗೆ ತಮ್ಮ ಶಾಲೆಗೆ ತಾವೊಬ್ಬರೇ ಎನಿಸಿಕೊಂಡಿದ್ದವರು, ಹಾಗೆಯೇ ಎನಿಸಿಕೊಂಡು ಬಂದವರಿಂದಲೇ ತುಂಬಿರುವ ತರಗತಿಯಲ್ಲಿ ಕೂರುತ್ತಾರೆ. ಅಲ್ಲಿ ಹೆಚ್ಚಿನವರ ಸ್ಥಾನ ನಡುವಿಗೆ ಬರಲೇಬೇಕು. ಇದನ್ನು ಅರ್ಜಿ ಹಾಕುವ ಮೊದಲೇ ಒಪ್ಪಿಕೊಂಡರೆ ಮುಂದಿನ ಅರ್ಧ ಸಂಕಟ ಬರುವುದಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ವೇಳಾಪಟ್ಟಿಯಲ್ಲಿದೆ. ಸೇರಬೇಕೆಂದಿರುವ ಕೋರ್ಸಿನ ವೇಳಾಪಟ್ಟಿ ತರಿಸಿಕೊಂಡು ಗಂಟೆಗಳನ್ನು ಕೂಡಿ ನೋಡಿ. ಮುಖ್ಯ ವಾದ್ಯಕ್ಕೋ ಗಾಯನಕ್ಕೋ ಗುರುಗಳ ಎದುರು ಒಬ್ಬರೇ ಕೂರುವ ಪಾಠ ಬಹುತೇಕ ಕಡೆ ವಾರಕ್ಕೆ ಸುಮಾರು ಒಂದು ಗಂಟೆ. ಮಿಕ್ಕಿದ್ದೆಲ್ಲ ಶಾಸ್ತ್ರ, ಕೇಳಿದ್ದನ್ನು ಸ್ವರದಲ್ಲಿ ಬರೆಯುವ ತರಬೇತಿ, ಇತಿಹಾಸ, ಎರಡನೇ ವಾದ್ಯ, ದೊಡ್ಡ ವಾದ್ಯವೃಂದದ ತಾಲೀಮು, ಸಣ್ಣ ಗುಂಪಿನ ತಾಲೀಮು. ಸ್ವಂತ ಅಭ್ಯಾಸ ಇವುಗಳ ಸಂದಿಯಲ್ಲಿ ನಡೆಯಬೇಕು. ವೇದಿಕೆಯ ಸಂಜೆಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ವೇದಿಕೆಯೊಂದನ್ನೇ ಪ್ರೀತಿಸುವವರಿಗೆ ಈ ಡಿಗ್ರಿ ಬಹಳ ಉದ್ದ ಅನಿಸುತ್ತದೆ.

ಯಾವ ಡಿಗ್ರಿ ಎಂಬುದೂ ಮುಖ್ಯ. ಕಛೇರಿ ಕಲಾವಿದರಾಗಲು ಓದುವುದು, ಸಂಗೀತ ಶಿಕ್ಷಕರಾಗಲು ಓದುವುದು, ರಚನೆ, ಸಂಗೀತಶಾಸ್ತ್ರ, ಚಿಕಿತ್ಸೆ, ಧ್ವನಿಮುದ್ರಣ ಇವೆಲ್ಲ ಬೇರೆ ಬೇರೆ ದಿನಚರಿಗಳು. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಹಲೇಖಕರು 1993ರಲ್ಲಿ ಪ್ರಕಟಿಸಿದ ಬರ್ಲಿನ್ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಲ್ಲಿ ಇದು ಅಂಕಿಗಳಲ್ಲೇ ಕಾಣುತ್ತದೆ. ಕಛೇರಿ ದಾರಿಯಲ್ಲಿದ್ದ ಎರಡು ಗುಂಪುಗಳವರು, ಅಂದರೆ ಅತ್ಯುತ್ತಮರು ಮತ್ತು ಅವರ ನಂತರದ ಉತ್ತಮರು, ವಾರಕ್ಕೆ ಸುಮಾರು 24 ಗಂಟೆ ಒಬ್ಬರೇ ಕೂತು ಅಭ್ಯಾಸ ಮಾಡುತ್ತಿದ್ದರು. ಶಿಕ್ಷಕರಾಗಲು ಓದುತ್ತಿದ್ದವರು ಸುಮಾರು 9 ಗಂಟೆ. 18ನೇ ವಯಸ್ಸಿಗೆ ಅತ್ಯುತ್ತಮರ ಒಟ್ಟು ಅಭ್ಯಾಸ ಸರಾಸರಿ 7,400 ಗಂಟೆಯಷ್ಟು, ಎರಡನೇ ಗುಂಪಿನವರದು 5,300, ಶಿಕ್ಷಕ ವಿದ್ಯಾರ್ಥಿಗಳದು 3,400. ಜೊತೆಗೆ 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯನ್ನೂ ಓದಬೇಕು. ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಮಟ್ಟದ ವ್ಯತ್ಯಾಸದಲ್ಲಿ ಅಭ್ಯಾಸದ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 21 ಪ್ರತಿಶತ. ಗಂಟೆಗಳಿಲ್ಲದೆ ಆಗುವುದಿಲ್ಲ, ಆದರೆ ಗಂಟೆಗಳನ್ನೇ ಮುಂದಿಟ್ಟುಕೊಂಡು ಯಾರು ದೊಡ್ಡವರು ಎಂದು ಅಳೆಯಲೂ ಆಗುವುದಿಲ್ಲ. ಹಾಸ್ಟೆಲಿನಲ್ಲಿ "ನಾನು ದಿನಾ ಎಂಟು ಗಂಟೆ" ಎಂಬ ಮಾತು ಕಿವಿಗೆ ಬಿದ್ದಾಗ ಈ ಎರಡು ಅಧ್ಯಯನಗಳ ಅಂಕಿಗಳು ನನಗೆ ಬಹಳ ಉಪಯೋಗಕ್ಕೆ ಬಂದಿವೆ.

ಇನ್ನು ಪ್ರಯೋಗ. ಆರು ವಾರ, ಓದು ಬರಹದ ಜೊತೆಗೇ, ದಿನಕ್ಕೆ ಮೂರು ಗಂಟೆ ಕಾಲೇಜಿನವರಂತೆ ಅಭ್ಯಾಸ ಮಾಡಿ ನೋಡುವುದು. 45 ನಿಮಿಷ ಕೆಲಸ, 10 ನಿಮಿಷ ವಾದ್ಯ ಕೆಳಗಿಟ್ಟು ವಿರಾಮ. ಮೊದಲ ಭಾಗ ನಾದ ಮತ್ತು ಸ್ಕೇಲು ಅಥವಾ ಸರಳೆ, ಅಲಂಕಾರ. ಎರಡನೆಯದು ಒಂದೇ ಒಂದು ತಾಂತ್ರಿಕ ತೊಡಕು. ಮೂರು ಮತ್ತು ನಾಲ್ಕನೆಯವು ಕೃತಿ. ಕೊನೆಯ ಹತ್ತು ನಿಮಿಷ ಹಿಂದೆಂದೂ ನೋಡದ ಪುಟವೊಂದನ್ನು ನಿಲ್ಲಿಸದೆ ಓದಿ ನುಡಿಸುವುದು. ಪ್ರತಿ ದಿನದ ಕೊನೆಗೆ ಒಂದೇ ಸಾಲು ಬರೆದಿಡಿ: ಇವತ್ತು ಏನು ಸರಿಹೋಯಿತು. ಆರು ವಾರದ ನಂತರ ಆ ಸಾಲುಗಳನ್ನು ಓದಿದಾಗ ಕುತೂಹಲ ಕಾಣಿಸುತ್ತದೆಯೇ, ಬರೀ ಹೊಗಳಿಕೆಯ ದಾಹ ಕಾಣಿಸುತ್ತದೆಯೇ ಎಂಬುದು ಸ್ಪಷ್ಟವಾಗುತ್ತದೆ. "ಎಡಗೈ ಮೂರನೇ ಬೆರಳು ಎತ್ತರಕ್ಕೆ ಏಳುತ್ತಿತ್ತು, ತಗ್ಗಿಸಿದೆ" ಎಂಬಂಥ ಸಾಲುಗಳೇ ಹೆಚ್ಚಿದ್ದರೆ ಈ ಓದು ಒಗ್ಗುತ್ತದೆ. "ಎಲ್ಲರೂ ಮೆಚ್ಚಿದರು" ಎಂಬಂಥವೇ ಹೆಚ್ಚಿದ್ದರೆ ಇನ್ನೊಂದು ವಿಷಯ ಓದುತ್ತಾ ಸಂಗೀತವನ್ನು ಜೊತೆಗಿಟ್ಟುಕೊಳ್ಳುವುದನ್ನು ಗಂಭೀರವಾಗಿ ಯೋಚಿಸಬೇಕು. ಅದು ಎರಡನೇ ದರ್ಜೆಯ ದಾರಿಯಲ್ಲ. ರಷ್ಯಾದ ಸಂಗೀತ ರಚನಕಾರ ಬೊರೊದಿನ್ ರಸಾಯನಶಾಸ್ತ್ರದ ಪ್ರಾಧ್ಯಾಪಕ, ಅಮೆರಿಕದ ರಚನಕಾರ ಚಾರ್ಲ್ಸ್ ಐವ್ಸ್ ವಿಮಾ ವ್ಯವಹಾರ ನಡೆಸಿದವರು; ಇಬ್ಬರ ರಚನೆಗಳೂ ಇಂದಿಗೂ ವೇದಿಕೆಯಲ್ಲಿವೆ. ಆದರೆ ಹೊರಗಿದ್ದು ಗಳಿಸಲು ಕಷ್ಟವಾದದ್ದು ಒಂದಿದೆ: ದಿನವೂ ಜೊತೆಗೆ ನುಡಿಸುವ, ನಿಮ್ಮಷ್ಟೇ ಹುಚ್ಚಿನ ಗೆಳೆಯರು. ಶಾಸ್ತ್ರವನ್ನು ಪುಸ್ತಕದಿಂದ ಕಲಿಯಬಹುದು, ಇವರು ಪುಸ್ತಕದಲ್ಲಿ ಸಿಗುವುದಿಲ್ಲ.

ಕಾಲೇಜು ಆರಿಸುವಾಗ ಕಟ್ಟಡಕ್ಕಿಂತ ಗುರು ಮುಖ್ಯ. ಅರ್ಜಿಗೆ ಮೊದಲು ಒಂದು ಪ್ರಾಯೋಗಿಕ ಪಾಠ ಕೇಳಿ ಪಡೆಯಿರಿ. ಅನೇಕ ಅಧ್ಯಾಪಕರು ಒಪ್ಪುತ್ತಾರೆ. ಪೂರ್ತಿ ಹದವಾದ ಕೃತಿಗಿಂತ ಅರ್ಧ ಹದವಾದದ್ದನ್ನು ಒಯ್ಯುವುದು ಒಳ್ಳೆಯದು. ಚಂದಕ್ಕೆ ನುಡಿಸಿದರೆ ಹೊಗಳಿಕೆ ಸಿಗುತ್ತದೆ, ಪಾಠ ಸಿಗುವುದಿಲ್ಲ. ಒಂದು ಗಂಟೆಯಲ್ಲಿ ಅವರು ಹೇಳಿದ್ದರಿಂದ ನಿಮ್ಮ ಕೈಯಲ್ಲೋ ಕಂಠದಲ್ಲೋ ಏನಾದರೂ ಬದಲಾಯಿತೇ ಎಂಬುದೇ ಅಳತೆ. ಅಲ್ಲಿಯ ವಿದ್ಯಾರ್ಥಿಗಳನ್ನು ಅಧ್ಯಾಪಕರಿಲ್ಲದಾಗ ಕೇಳಿ: ಅಭ್ಯಾಸದ ಕೋಣೆ ಸಂಜೆ ಸಿಗುತ್ತದೆಯೇ, ಒಬ್ಬರ ಕಛೇರಿಗೆ ಇನ್ನೊಬ್ಬರು ಹೋಗುತ್ತಾರೆಯೇ, ಐದು ವರ್ಷದ ಹಿಂದೆ ಓದಿದವರು ಈಗ ಏನು ಮಾಡುತ್ತಿದ್ದಾರೆ. ಎರಡನೇ ಪ್ರಶ್ನೆಗೆ ಉತ್ತರ ತಡವರಿಸಿದರೆ ಅಲ್ಲಿಯ ಗಾಳಿ ಹೇಗಿದೆ ಎಂದು ತಿಳಿಯಿತು. ಖರ್ಚಿನ ಲೆಕ್ಕದಲ್ಲಿ ಶುಲ್ಕದ ಜೊತೆ ತಂತಿ, ರೀಡು, ವಾದ್ಯದ ರಿಪೇರಿ, ಪಕ್ಕವಾದ್ಯದವರ ಸಂಭಾವನೆ, ಆಡಿಷನ್ನಿಗೆ ಓಡಾಟ ಇವನ್ನೂ ಬರೆದುಕೊಳ್ಳಬೇಕು. ಸಾಲ ಮಾಡುವುದಾದರೆ ಆ ಮೊತ್ತವನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಸಂಗೀತ ಶಿಕ್ಷಕರ ಒಂದು ವರ್ಷದ ಸಂಬಳದ ಪಕ್ಕ ಇಟ್ಟು ನೋಡಿ.

ಆಡಿಷನ್ ತಯಾರಿಗೆ ಹನ್ನೆರಡು ವಾರ ಬೇಕು. ಸಾಮಾನ್ಯವಾಗಿ ಕೇಳುವುದು ಸ್ವಭಾವದಲ್ಲಿ ಬೇರೆ ಬೇರೆಯಾದ ಎರಡು ಮೂರು ಕೃತಿ, ಸ್ಕೇಲು, ನೋಡಿ ನುಡಿಸುವುದು, ಕಿವಿಯ ಪರೀಕ್ಷೆ, ಸಣ್ಣ ಸಂದರ್ಶನ. ಕೈಗೆ ಮೀರಿದ ಕೃತಿ ಆರಿಸುವುದೇ ಬಹುಪಾಲು ಕೆಡುವ ಕಾರಣ. ಪರೀಕ್ಷಕರು ಕೃತಿಯ ಹೆಸರು ನೋಡಿ ಅಂಕ ಕೊಡುವುದಿಲ್ಲ, ಮೊದಲ ಕೆಲವು ಸಾಲುಗಳಲ್ಲೇ ಶ್ರುತಿ, ಲಯ, ನಾದ ಮೂರನ್ನೂ ಕೇಳಿಸಿಕೊಂಡುಬಿಡುತ್ತಾರೆ. ವೇಗದ ಭಾಗಕ್ಕೆ ನನ್ನ ಕ್ರಮ ಇದು: ಗುರಿ ನಿಮಿಷಕ್ಕೆ 120 ಬಡಿತ ಆದರೆ ಲಯ ಬಡಿಯುವ ಯಂತ್ರ ಮೆಟ್ರೊನೋಮ್ 60ರಲ್ಲಿ ಶುರು. ಸತತ ಮೂರು ಸಲ ತಪ್ಪಿಲ್ಲದೆ ಬಂದರೆ 4 ಏರಿಸುವುದು, ಎರಡು ಸಲ ತಪ್ಪಿದರೆ 8 ಇಳಿಸುವುದು. 124ರವರೆಗೆ ಹೋಗಿ 120ಕ್ಕೆ ವಾಪಸ್ ಬರುವುದು. ಕೆಲವು ಸಾಲು 100ರ ಬಳಿ ಬಂದು ಅಲ್ಲೇ ನಿಂತುಬಿಡುತ್ತವೆ. ನಿಧಾನದಲ್ಲಿ ಕೈ ಚಲಿಸುವ ರೀತಿಯೇ ಬೇರೆಯಾದ್ದರಿಂದ ಹೀಗಾಗುತ್ತದೆ. ಆಗ ನಾಲ್ಕು ನಾಲ್ಕೇ ಸ್ವರಗಳನ್ನು ಪೂರ್ತಿ ವೇಗದಲ್ಲಿ ನುಡಿಸಿ ನಿಲ್ಲಿಸುವುದು, ಆಮೇಲೆ ಎಂಟು, ಆಮೇಲೆ ಹದಿನಾರು. ಕರ್ನಾಟಕ ಸಂಗೀತದವರಿಗೆ ವರ್ಣವೇ ಈ ಪರೀಕ್ಷೆ: ತಾಳ ಅಲುಗದೆ ಮೊದಲ ಕಾಲದಿಂದ ಅದರ ಇಮ್ಮಡಿ ವೇಗದ ಎರಡನೆಯದಕ್ಕೆ ಹೋದಾಗ ಗಮಕ, ಅಂದರೆ ಸ್ವರದ ಬಳುಕು, ಸವೆಯುತ್ತದೆಯೇ ಎಂದು ರೆಕಾರ್ಡ್ ಮಾಡಿ ಕೇಳಿ.

ಕೊನೆಯ ಮೂರು ವಾರ ವಾರಕ್ಕೆರಡು ಅಣಕು ಆಡಿಷನ್. ಮೆಟ್ಟಿಲು ಹತ್ತಿಳಿದು ಎದೆ ಹೊಡೆದುಕೊಳ್ಳುತ್ತಿರುವಾಗಲೇ, ಕೈ ಬಿಸಿ ಮಾಡಿಕೊಳ್ಳದೆ, ಮೊದಲ ಕೃತಿ ಶುರುಮಾಡಬೇಕು. ಆತಂಕದಲ್ಲಿ ಎಲ್ಲರ ಲಯವೂ ಓಡುತ್ತದೆ. ಅದಕ್ಕೆ ಶುರುವಿಗೆ ಮುಂಚೆ ಕೃತಿಯ ಅತಿ ಕಷ್ಟದ ಸಾಲನ್ನು ಮನಸ್ಸಿನಲ್ಲಿ ಹಾಡಿಕೊಂಡು, ಆ ಲಯವನ್ನೇ ಹಿಡಿದು ಆರಂಭಿಸುವುದು ನಾನು ಕಂಡ ಅತ್ಯುತ್ತಮ ಉಪಾಯ. ಮರೆವಿಗೆ ಮದ್ದು, ಕೃತಿಯಲ್ಲಿ ಎಂಟು ಹತ್ತು ಜಾಗ ಗುರುತಿಸಿ ಯಾವುದರಿಂದ ಬೇಕಾದರೂ ಶುರುಮಾಡಲು ಕಲಿತಿರುವುದು.

ಈಗ ಅಹಂ. ಸಂಗೀತದ ಕಾಲೇಜಿನಲ್ಲಿ ಇದು ಇಷ್ಟೊಂದು ಏಕೆ ಬೆಳೆಯುತ್ತದೆ ಎಂದರೆ, ಇಲ್ಲಿ ತೂಗುವುದು ಒಬ್ಬರ ನಾದವನ್ನು, ಕಂಠವನ್ನು. ತಪ್ಪು ಎಂದಾಗ ಲೆಕ್ಕ ತಪ್ಪಿದ ಹಾಗಲ್ಲ, ತನ್ನನ್ನೇ ತಪ್ಪು ಎಂದ ಹಾಗೆ ಕೇಳಿಸುತ್ತದೆ. ಮೊದಲ ಸಾಲಿನ ಕುರ್ಚಿಗಳು, ಏಕವಾದನದ ಅವಕಾಶಗಳು ಎಣಿಸಿದಷ್ಟೇ. ಆದ್ದರಿಂದ ಬಡಾಯಿ ಮಾಡುವವರಲ್ಲಿ ಹೆಚ್ಚಿನವರು ಹೆದರಿದವರು. ಇದು ಗೊತ್ತಿದ್ದರೆ ಉತ್ತರ ಕೊಡುವ ದನಿ ಮೆತ್ತಗಾಗುತ್ತದೆ.

"ದಿನಕ್ಕೆ ಎಷ್ಟು ಗಂಟೆ ಮಾಡ್ತೀಯ?" ಎಂದು ಕೇಳಿದರೆ ಗಂಟೆ ಹೇಳುವುದಿಲ್ಲ. "ಈ ವಾರ ಪಿಟೀಲಿನ ಬಿಲ್ಲು ತಿರುಗಿಸುವಾಗ ಬರುವ ಸದ್ದನ್ನು ತೆಗೀತಾ ಇದೀನಿ, ನೀನು ಅದನ್ನ ಹೇಗೆ ಮಾಡ್ತೀಯ?" ಎನ್ನುತ್ತೇನೆ. ಮಾತು ಅಳತೆಯಿಂದ ಕೆಲಸದ ಕಡೆಗೆ ತಿರುಗಿಬಿಡುತ್ತದೆ. ಎದುರಿಗಿರುವವರು ನಿಜವಾಗಿ ಗೊತ್ತಿದ್ದವರಾದರೆ ಖುಷಿಯಿಂದ ಹೇಳಿಕೊಡುತ್ತಾರೆ, ನಮಗೂ ಒಂದು ಪಾಠ ಸಿಗುತ್ತದೆ. ಹೊಟ್ಟೆಕಿಚ್ಚಿಗೂ ಇದೇ ಮದ್ದು. ಯಾರ ಮೇಲೆ ಅಸೂಯೆ ಹುಟ್ಟುತ್ತದೋ ಅವರು ನನಗಿಂತ ಚೆನ್ನಾಗಿ ಮಾಡುವ ಒಂದು ಸಂಗತಿಯನ್ನು ಹೆಸರಿಟ್ಟು ಬರೆಯುತ್ತೇನೆ. "ಚೆನ್ನಾಗಿ ನುಡಿಸ್ತಾರೆ" ಎಂದಲ್ಲ, "ಮಂದ್ರದಲ್ಲಿ ನಾದ ಕುಗ್ಗುವುದಿಲ್ಲ" ಎಂದು. ಆಮೇಲೆ ಅವರ ಹತ್ತಿರ ಹೋಗಿ ಅದನ್ನೇ ತೋರಿಸಿಕೊಡಲು ಕೇಳುತ್ತೇನೆ.

ಒಬ್ಬರನ್ನೊಬ್ಬರು ತಿದ್ದುವ ಕೂಟಗಳಲ್ಲಿ ಬಹಳ ಗಾಯಗಳಾಗುತ್ತವೆ. ನಾವು ಇಟ್ಟುಕೊಂಡ ನಿಯಮಗಳು ಕೆಲವೇ. ನುಡಿಸಿದವರು ಮೊದಲು ತಾವೇ ಒಂದು ಪ್ರಶ್ನೆ ಕೇಳಬೇಕು: "ಎರಡನೇ ಭಾಗದಲ್ಲಿ ಲಯ ಓಡಿತೇ?" ನುಡಿಕೆಯನ್ನು ಆಲಿಸಿದವರು ಆ ಪ್ರಶ್ನೆಗೆ ಮೊದಲು ಉತ್ತರಿಸಬೇಕು. ಮಾತಾಡುವವರು ಜಾಗ ತೋರಿಸಿಯೇ ಮಾತಾಡಬೇಕು, ಇಂಥ ಸಾಲು, ಇಂಥ ಆವರ್ತ ಎಂದು. ಜಾಗ ತೋರಿಸಲಾಗದ ಟೀಕೆಗೆ ಅಲ್ಲಿ ಎಡೆಯಿಲ್ಲ. ಇನ್ನೊಂದು, ತಿಂಗಳಿಗೊಮ್ಮೆ ಹೆಸರಿಲ್ಲದ ರೆಕಾರ್ಡಿಂಗ್. ಒಂದೇ ಕೃತಿಯನ್ನು ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ದೂರದಲ್ಲಿಟ್ಟ ಫೋನಿನಲ್ಲಿ ಮುದ್ರಿಸಿ, ಒಬ್ಬರು ಸಂಖ್ಯೆ ಹಾಕಿ ಕಲಸಿ ಕೇಳಿಸುತ್ತಾರೆ. ದೊಡ್ಡ ವಾದ್ಯವೃಂದಗಳು ಆಯ್ಕೆಯಲ್ಲಿ ಪರದೆ ಕಟ್ಟುವುದು, ಹೆಜ್ಜೆ ಸಪ್ಪಳ ಕೇಳದಂತೆ ಜಮಖಾನ ಹಾಸುವುದು ಇದೇ ಕಾರಣಕ್ಕೆ. ಯಾರದು ಎಂದು ತಿಳಿಯದೆ ಕೇಳಿದಾಗ, ದೊಡ್ಡ ಹೆಸರಿನವರ ನುಡಿಕೆಯಲ್ಲೂ ಶ್ರುತಿದೋಷ ಕಿವಿಗೆ ಬೀಳುತ್ತದೆ, ಸದ್ದಿಲ್ಲದೆ ಕೂರುವ ಹುಡುಗಿಯ ನುಡಿಕೆ ಎಲ್ಲರಿಗೂ ಹಿಡಿಸುತ್ತದೆ. ತರಗತಿಯ ಮೇಲುಕೀಳು ಸಡಿಲವಾಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸಣ್ಣ ಗುಂಪಿನಲ್ಲಿ ಜಗಳ ಬರುವುದು ಎರಡಕ್ಕೆ: ವೇಗ ಮತ್ತು ಸದ್ದು. ವೇಗದ ಬಗ್ಗೆ ವಾದಿಸಬಾರದು. ಎರಡೂ ರೀತಿ ಪೂರ್ತಿ ಮನಸ್ಸಿಟ್ಟು ನುಡಿಸಿ ಮುದ್ರಿಸಿ, ಮರುದಿನ ಕೇಳಿ ನಿರ್ಧರಿಸುವುದು. ಅದೇ ದಿನ ಕೇಳಿದರೆ ಪ್ರತಿಯೊಬ್ಬರಿಗೂ ತಮ್ಮದೇ ಸರಿ ಕೇಳಿಸುತ್ತದೆ. ತಾಲೀಮು ನಡೆಸುವ ಹೊಣೆ ವಾರಕ್ಕೊಬ್ಬರಿಗೆ. ಬೇಸರವಾದರೆ ಗುಂಪಿನ ವಾಟ್ಸಾಪಿನಲ್ಲಿ ಬರೆಯದೆ ಆ ವ್ಯಕ್ತಿಗೇ, ಮುಖ ನೋಡಿ ಹೇಳುವುದು.

ಸದ್ದಿನ ಪೈಪೋಟಿ ಬರೀ ಅಹಂಕಾರದ ವಿಷಯವಲ್ಲ, ಕಿವಿಯದು. ವೃತ್ತಿ ಆರೋಗ್ಯದಲ್ಲಿ ಹೆಚ್ಚಾಗಿ ಬಳಸುವ ಮಿತಿ 85 ಡೆಸಿಬೆಲ್‌ಗೆ 8 ಗಂಟೆ, ನಂತರ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 100ಕ್ಕೆ 15 ನಿಮಿಷ. ಸಣ್ಣ ಕೋಣೆಯಲ್ಲಿ ಹಿತ್ತಾಳೆ ವಾದ್ಯ, ಡ್ರಮ್ಮು ಈ ಮಟ್ಟಗಳನ್ನು ಸುಲಭವಾಗಿ ದಾಟುತ್ತವೆ. ಸಂಗೀತಗಾರರಿಗೆಂದೇ ಮಾಡಿದ ಕಿವಿಬಿರಟೆ ಇರಲಿ. ತಾಲೀಮಿನಲ್ಲಿ ಪಕ್ಕದವರ ಸ್ವರ ಕೇಳಿಸದಿದ್ದರೆ ಮೊದಲು ನಾನು ತಗ್ಗಿಸುತ್ತೇನೆ. ಸಾಮಾನ್ಯವಾಗಿ ಮಿಕ್ಕವರೂ ತಗ್ಗಿಸುತ್ತಾರೆ.

ನೋವನ್ನು ಮುಚ್ಚಿಡುವುದು ಇದಕ್ಕಿಂತ ಅಪಾಯ. ಆಯ್ಕೆ ತಪ್ಪಬಹುದೆಂದು ಮಣಿಕಟ್ಟಿನ ನೋವನ್ನೋ ಗಂಟಲು ಒಡೆದಿರುವುದನ್ನೋ ಹೇಳದೆ ಮುಂದುವರಿಸುವವರು ಎಲ್ಲ ತರಗತಿಯಲ್ಲೂ ಇರುತ್ತಾರೆ. ಪಿಯಾನೋ ವಾದಕ ಲಿಯಾನ್ ಫ್ಲೈಷರ್ 1960ರ ದಶಕದಲ್ಲಿ ಬಲಗೈ ಬೆರಳುಗಳ ಹಿಡಿತ ಕಳೆದುಕೊಂಡರು. ಎರಡೂ ಕೈಗಳ ವಾದನಕ್ಕೆ ಮರಳಲು ದಶಕಗಳೇ ಬೇಕಾದವು. ನನ್ನ ನಿಯಮ ಕಟ್ಟುನಿಟ್ಟು: ಚುಚ್ಚುವ ನೋವು, ಜೋಮು ಬಂದರೆ ತಕ್ಷಣ ನಿಲ್ಲಿಸುವುದು. ಮರುದಿನವೂ ಇದ್ದರೆ ಗುರುಗಳಿಗೆ ತಿಳಿಸಿ ವೈದ್ಯರನ್ನು ಕಾಣುವುದು. ಕಂಠ ಎರಡು ಮೂರು ವಾರ ಒಡೆದೇ ಇದ್ದರೆ ಗಂಟಲಿನ ತಜ್ಞರಿಗೆ ತೋರಿಸಲೇಬೇಕು.

ಗುರುಗಳ ನಡುವಿನ ಹಮ್ಮೂ ಇದೆ. ಒಬ್ಬರು ಹಾಕಿಸಿದ ಬೆರಳು, ಬಿಲ್ಲಿನ ಗುರುತನ್ನು ಇನ್ನೊಬ್ಬರು ಹೊಡೆದುಹಾಕುತ್ತಾರೆ. ಪ್ರತಿ ಕೃತಿಗೂ ಎರಡು ಪ್ರತಿ ಇಟ್ಟುಕೊಳ್ಳಿ, ಹೊಸ ಗುರುಗಳ ಮುಂದೆ ಗುರುತಿಲ್ಲದ್ದನ್ನು ತೆರೆಯಿರಿ. "ಅವರು ಹೀಗೆ ಹೇಳಿದ್ದರು" ಎಂಬ ಮಾತನ್ನು ಅತ್ತಿಂದಿತ್ತ ಒಯ್ಯಬಾರದು. "ಹೀಗೂ ಮಾಡಿ ನೋಡಿದೆ, ಇಲ್ಲಿ ಕೈ ಬಿಗಿಯುತ್ತದೆ ಸಾರ್" ಎಂದರೆ ಚರ್ಚೆ ಕೈಯ ಬಗ್ಗೆ ನಡೆಯುತ್ತದೆ. ಆದರೆ ಎಲ್ಲರೆದುರು ಪದೇ ಪದೇ ಹೀಯಾಳಿಸುವುದು ಶಿಸ್ತಲ್ಲ. ದಿನಾಂಕ, ಆಡಿದ ಮಾತು, ಎದುರಿಗಿದ್ದವರು ಇಷ್ಟನ್ನೂ ಬರೆದಿಟ್ಟು ವಿಭಾಗದ ಮುಖ್ಯಸ್ಥರಿಗೆ ಕೊಡಬೇಕು, ಗುರು ಬದಲಿಸಲು ಕೇಳಬೇಕು.

ಆಯ್ಕೆಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ವಾರವೇ ಪರೀಕ್ಷಕರ ಟಿಪ್ಪಣಿ ಸಿಗುತ್ತದೆಯೇ ಎಂದು ವಿನಯದಿಂದ ಬರೆದು ಕೇಳಿ. ಕೆಲವು ಕಡೆ ಕೊಡುತ್ತಾರೆ. ಶ್ರುತಿ, ಲಯ ಎಂದಿದ್ದರೆ ಒಂದು ವರ್ಷದಲ್ಲಿ ಸರಿಹೋಗುವ ಕೆಲಸ, ಮತ್ತೆ ಅರ್ಜಿ ಹಾಕಬಹುದು. ಸೀಟು ಇರಲಿಲ್ಲ ಎಂದಿದ್ದರೆ ಅದೇ ಗುರುಗಳ ಹತ್ತಿರ ಹೊರಗೆ ಪಾಠ ಸಿಗುತ್ತದೆಯೇ ಎಂದು ವಿಚಾರಿಸಿ. ಹೆಸರು ಬಂದವರಿಗೆ ಅವತ್ತೇ ಫೋನು ಮಾಡಿ ಅಭಿನಂದಿಸುವುದನ್ನು ನಾನು ರೂಢಿಸಿಕೊಂಡಿದ್ದೇನೆ. ತಡಮಾಡಿದಷ್ಟೂ ಆ ಮಾತು ಬಾಯಿಗೆ ಬರುವುದು ಕಷ್ಟವಾಗುತ್ತದೆ. ಜೊತೆಗೆ ಮುಂದಿನ ವರ್ಷಗಳಲ್ಲಿ ಪಕ್ಕದ ಕುರ್ಚಿಗೆ ಒಬ್ಬರು ಬೇಕಾದಾಗ ಹೆಸರು ಸೂಚಿಸುವವರು ಬಹಳ ಸಲ ಅವರೇ ಆಗಿರುತ್ತಾರೆ.