ಹೊಲದಲ್ಲಿ ಸೀಸ, ಕ್ಯಾಡ್ಮಿಯಂ ಇದೆಯೇ? ಮಣ್ಣು ತೆಗೆಯುವುದು ಹೀಗೆ

ಬೆಂಗಳೂರಿನ ಕೊಳೆನೀರು ಹೊತ್ತ ವೃಷಭಾವತಿ ಬಿಡದಿ ಬಳಿಯ ಭೈರಮಂಗಲದ ಕಡೆಗೆ ಹರಿಯುತ್ತದೆ. ಅಂಥ ನೀರು ಹಾಯಿಸಿದ ಹೊಲದಲ್ಲಿ ಸೀಸ, ಕ್ಯಾಡ್ಮಿಯಂ ಎಷ್ಟಿದೆ ಅಂತ ತಿಳಿಯಬೇಕೇ? ಗೊಬ್ಬರದ ಲೆಕ್ಕಕ್ಕೆ ಮಣ್ಣು ತೆಗೆಯುವ ರೀತಿ ಇಲ್ಲಿ ನಡೆಯುವುದಿಲ್ಲ.

ಅಲ್ಲಿ ಹತ್ತಾರು ಕಡೆ ಅಗೆದು, ಎಲ್ಲ ಬೆರೆಸಿ, ಅರ್ಧ ಕೆಜಿ ಕಳಿಸುತ್ತೇವೆ. ಲೋಹಕ್ಕೆ ಹಾಗೆ ಮಾಡಿದರೆ ಕೆಟ್ಟ ಜಾಗ ಸುಮ್ನೆ ಮುಚ್ಚಿಹೋಗುತ್ತದೆ. ಒಂಬತ್ತು ಕಡೆ ಕೆಜಿ ಮಣ್ಣಿಗೆ 0.5 ಮಿ.ಗ್ರಾಂ ಕ್ಯಾಡ್ಮಿಯಂ, ಹತ್ತನೆಯ ಕಡೆ 8 ಇದೆ ಅಂದುಕೊಳ್ಳಿ. ಬೆರೆಸಿದರೆ ವರದಿಯಲ್ಲಿ ಬರುವುದು 1.25. ನೋಡಿದರೆ ಗಾಬರಿಯೇನೂ ಆಗುವುದಿಲ್ಲ, ಅಲ್ವಾ?

ಮೊದಲು ಹೊಲ ಸುತ್ತಿ ಒಂದು ಚಿತ್ರ ಬರೆದುಕೊಳ್ಳಿ. ಕಾಲುವೆ ಬಾಯಿ, ನೀರು ನಿಲ್ಲುವ ತಗ್ಗು, ರಸ್ತೆ ಬದಿ, ಕಸ ಸುಟ್ಟ ಜಾಗ ಎಲ್ಲ ಗುರುತಿಸಿ. ಲೋಹ ಬರುವುದು ಹೆಚ್ಚಾಗಿ ಹೂಳಿಗೆ ಅಂಟಿಕೊಂಡು. ಹೊಲಕ್ಕೆ ನುಗ್ಗಿದ ನೀರು ನಿಧಾನವಾಗುತ್ತಲೇ ಹೂಳು ಅಲ್ಲೇ ಕೂರುತ್ತದೆ. ಹಾಗಾಗಿ ಹತ್ತು ಹೆಜ್ಜೆ ಆಚೆಗೇ ಲೆಕ್ಕ ಬದಲಾಗಬಹುದು.

ಕಾಲುವೆ ಬಾಯಿಂದ ಹೊಲದ ತುದಿಯವರೆಗೆ ಒಂದು ಸಾಲು ಹಿಡಿಯಿರಿ. ಬಾಯಿಯ ಹತ್ತಿರ 1, 3, 10 ಮೀಟರಿಗೆ ಅಗೆಯಿರಿ, ಆಮೇಲೆ ದೂರ ದೂರ. ಕಸಕಡ್ಡಿ ಸರಿಸಿ 15 ಸೆಂ.ಮೀ. ಆಳದವರೆಗಿನ ಮಣ್ಣು ಸಾಕು. ಒಂದೊಂದು ಜಾಗದ್ದು ಒಂದೊಂದು ಚೀಲಕ್ಕೆ. ತಗಡಿನ ಬಕೆಟ್ ಬೇಡ, ಅದರ ಸತುವಿನ ಲೇಪ ಮಣ್ಣಿಗೆ ಸೇರುತ್ತದೆ. ಪ್ಲಾಸ್ಟಿಕ್ ಬಕೆಟ್, ತುಕ್ಕು ಹಿಡಿಯದ ಸ್ಟೀಲ್ ಕರಣೆ ಇರಲಿ.

ಮೂರ್ನಾಲ್ಕು ಕಡೆ ಒಂದೇ ಮೀಟರ್ ಅಂತರದಲ್ಲಿ ಜೋಡಿ ಮಾದರಿ ತೆಗೆಯಿರಿ. ದುಡ್ಡು ದಂಡ ಅನ್ನಿಸಬಹುದು, ಆದರೆ ನನ್ನ ಪ್ರಕಾರ ಇಡೀ ಕೆಲಸದ ತಿರುಳೇ ಇದು. ಜೋಡಿಗಳ ನಡುವೆಯೇ ಹೊಲದ ಎರಡು ತುದಿಗಳಷ್ಟು ವ್ಯತ್ಯಾಸ ಬಂದರೆ, ‘ಈ ಮೂಲೆ ಕೆಟ್ಟದ್ದು, ಆ ಮೂಲೆ ಒಳ್ಳೇದು’ ಅನ್ನುವ ಹಾಗಿಲ್ಲ. ಇನ್ನೂ ಒತ್ತಾಗಿ ತೆಗೆಯಲೇಬೇಕು.

ಲ್ಯಾಬಿನಲ್ಲಿ ‘ಒಟ್ಟು ಸೀಸ, ಒಟ್ಟು ಕ್ಯಾಡ್ಮಿಯಂ’ ಬೇಕೆಂದು ಬರೆದುಕೊಡಿ. ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಸತು, ತಾಮ್ರ ಇವೆ, ಸೀಸ, ಕ್ಯಾಡ್ಮಿಯಂ ಇಲ್ಲ. ಮಣ್ಣು ಎಷ್ಟು ಹುಳಿ ಅಂತ ತೋರಿಸುವ ಪಿಎಚ್ ಕೂಡ ಕೇಳಿ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಗಿಡಕ್ಕೆ ಜಾಸ್ತಿ ಹತ್ತುತ್ತದೆ, ಅದರಲ್ಲೂ ಸೊಪ್ಪಿಗೆ.

ವರದಿ ಬಂದ ಮೇಲೆ ಅಂಕಿಗಳನ್ನು ಚಿತ್ರದ ಮೇಲೆ ಬರೆಯಿರಿ. ಕಾಲುವೆ ಬಾಯಿಯ ನಾಲ್ಕು ಮಡಿ ಮಾತ್ರ ಕೆಟ್ಟಿದ್ದರೆ ಅಲ್ಲಿ ಪಾಲಕ್, ದಂಟು ಬಿಟ್ಟು ಹೂವು ಹಾಕಿ. ಉಳುವಾಗ ಆ ಮಣ್ಣು ಉಳಿದ ಹೊಲಕ್ಕೆ ಎಳೆದುಹೋಗದಂತೆ ಅಷ್ಟನ್ನು ಬೇರೆಯಾಗಿಯೇ ಉಳುಮೆ ಮಾಡಿ.